ರಾಮ್‌ಸುಮೇರ್ ಮಾಸ್ಟರರ ಜ್ವಾಲಾಮುಖಿ

"ಇವತ್ತಿಂದ ಈ ಮನೇಲಿ ಕಬ್ಬಿಣ ನನ್ನ ಮಾತು ಕೇಳುತ್ತೆ!"

ರಾಮ್‌ಸುಮೇರ್ ಮಾಸ್ಟರ್ ಹೀಗೆಂದು ಘೋಷಿಸಿದ್ದು ಒಂದು ಸೋಮವಾರ ಬೆಳಿಗ್ಗೆ. ದ್ವೀಪದ ಲಂಬಾಸಾ ಪೇಟೆಯಿಂದ ಬಂದ ಬಸ್ಸಿಳಿದು, ಬಗಲಲ್ಲಿ ಹೊಸ ಗ್ರೈಂಡರಿನ ಡಬ್ಬವನ್ನು ಎಳೆಗೂಸಿನಂತೆ ಅವುಚಿಕೊಂಡು ನೇರ ಅಡಿಗೆಮನೆಗೇ ನುಗ್ಗಿದ್ದರು. ರೊಟ್ಟಿ ಲಟ್ಟಿಸುತ್ತಿದ್ದ ಇಂದ್ರಾವತಿ ತಲೆಯೆತ್ತಲಿಲ್ಲ.

"ಗ್ರೈಂಡರಾ? ಒಳ್ಳೇದಾಯ್ತು. ಬಾರಾ ವಡೆ ಮಾಡೋಕೆ ಉದ್ದಿನಬೇಳೆ ನೆನೆಹಾಕಿದೀನಿ. ರುಬ್ಬಿಕೊಡಿ."

"ರುಬ್ಬೋ ಗ್ರೈಂಡರ್ ಅಲ್ವೇ ಇದು! ಕಬ್ಬಿಣ ಕೊಯ್ಯೋದು! ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು!"

"ಮೂವತ್ತಾರು ವರ್ಷದಿಂದ ನನ್ನ ತಲೆ ರುಬ್ಬಿದ್ದೀರಲ್ಲ, ಅದರ ಮುಂದೆ ಇದು ನಿಧಾನಾನೇ ಬಿಡಿ."

ಮಾಸ್ಟರ್ ಅದಕ್ಕೆಲ್ಲ ಕುಗ್ಗುವ ಆಸಾಮಿಯಲ್ಲ. ಪ್ರೈಮರಿ ಸ್ಕೂಲಿನ ಹೆಡ್‌ಮಾಸ್ತರಿಕೆಯಿಂದ ನಿವೃತ್ತರಾಗಿ ಎರಡು ವರ್ಷವಾಗಿದ್ದರೂ, ಕಂಡದ್ದಕ್ಕೆಲ್ಲ 'ಯಾಕೆ?' ಎಂದು ಕೇಳುವ ಚಟ ಮಾತ್ರ ನಿವೃತ್ತಿಯಾಗಿರಲಿಲ್ಲ. ರೇಡಿಯೋ ಯಾಕೆ ಹಾಡುತ್ತದೆಂದು ಬಿಚ್ಚಿ ನೋಡಿದ್ದರು. ಅಂದಿನಿಂದ ಅದು ಹಾಡಿರಲಿಲ್ಲ. ಹೇಂಟೆ ಯಾಕೆ ಕಾವು ಕೂರುತ್ತದೆಂದು ತಿಳಿಯಲು ಗೂಡಿನ ಮುಂದೆ ಮೂರು ದಿನ ತಾವೇ ಕಾವು ಕೂತಿದ್ದರು. ಅಕ್ಕಿಕಾಳಿನಷ್ಟು ತೆಳ್ಳಗಿನ ಒಂದು ಬಿಲ್ಲೆ ಹೆಬ್ಬೆರಳು ಗಾತ್ರದ ಕಬ್ಬಿಣವನ್ನು ಹೇಗೆ ಕೊಯ್ಯುತ್ತದೆ ಎಂಬುದು ಅವರನ್ನು ಬಹುದಿನದಿಂದ ಕಾಡುತ್ತಿದ್ದ ಪ್ರಶ್ನೆ. ಗ್ರೈಂಡರ್ ಕೊಳ್ಳಲು ಕಾರಣವೂ ಸಿಕ್ಕಿತ್ತು. ಮನೆಯಲ್ಲಿ ಮಂಗಳವಾರದ ರಾಮಾಯಣ ಮಂಡಳಿ ಸೇರಿದಾಗ ಹಿತ್ತಲಲ್ಲಿ ದೊಡ್ಡ ಹಂಡೆಯಲ್ಲಿ ಅಡಿಗೆ. ಹಂಡೆಯ ಕೆಳಗಿನ ಇಟ್ಟಿಗೆ ಪ್ರತಿ ಸಲವೂ ಜಾರುತ್ತಿತ್ತು. ಗುಜರಿಗೆ ಸೇರಬೇಕಾಗಿದ್ದ ಹಳೇ ಕಬ್ಬಿಣದ ಮಂಚ ಕೊಯ್ದು ಗಟ್ಟಿಮುಟ್ಟಾದ ಒಂದು ಸ್ಟ್ಯಾಂಡ್ ಮಾಡುವುದು ಮಾಸ್ಟರರ ಯೋಜನೆ.

ಗುರುವಾಗಿ ಸಿಕ್ಕಿದವನು ಪಕ್ಕದ ಮನೆಯ ಅಪಿಸಾಯ್. ಬಾಗಿಲು ತುಂಬುವ ಆಳು. ನಲವತ್ತು ವರ್ಷ ವರ್ಕ್‌ಶಾಪಿನಲ್ಲಿ ಕಬ್ಬಿಣ ಕೊಯ್ದು ಬೆಸೆದು, ಹತ್ತೂ ಬೆರಳಿನ ಸಮೇತ ಮನೆಗೆ ಬಂದವನು. ಅಷ್ಟು ಸಾಕಲ್ಲ ಸರ್ಟಿಫಿಕೇಟು! ಅವನು ಅಂದು ಮಧ್ಯಾಹ್ನದ ಹಡಗಿಗೆ ತವೆಯುನಿ ದ್ವೀಪಕ್ಕೆ, ಅತ್ತೆಯ ತಿಥಿಗೆ ಹೊರಟಿದ್ದ. ತಿಥಿಮನೆಗೆ ಕಾಣಿಕೆಯಾಗಿ ಒಯ್ಯುವ ಚಾಪೆಯ ಸುರುಳಿ ಕಂಕುಳಲ್ಲಿಟ್ಟುಕೊಂಡೇ ಬೇಲಿಯ ಮೇಲಿಂದ ಪಾಠ ಹೇಳಿದ.

"ಮಾಸ್ಟರ್, ಕೇಳಿ. ಬಿಲ್ಲೆ ಮೇಲಿನ ಕಬ್ಬಿಣದ ರಕ್ಷಾ ಕವಚ ಇದೆಯಲ್ಲ, ಅಡ್ಡ ಬರುತ್ತೆ ಅಂತ ಬಿಚ್ಚಿದ್ರೋ, ಮೂಗಿಗೂ ಕೊಯ್ಯೋ ಬಿಲ್ಲೆಗೂ ಮಧ್ಯ ಏನೂ ಇರಲ್ಲ."

ಮಾಸ್ಟರ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

"ಎರಡೂ ಕೈಲಿ ಹಿಡೀರಿ. ಕೊಯ್ಯೋ ಕಬ್ಬಿಣ ಬಿಗಿಯಾಗಿ ಕಟ್ಟಿರಬೇಕು, ಕಾಲಲ್ಲಿ ಒತ್ತಿ ಹಿಡಿಯೋದಲ್ಲ. ಶುರು ಮಾಡೋ ಮುಂಚೆ ಅರ್ಧ ನಿಮಿಷ ಸುಮ್ನೆ ತಿರುಗೋಕೆ ಬಿಡಿ. ಬಿಲ್ಲೆ ಒಡೆಯೋದಿದ್ರೆ ಆಗಲೇ ಒಡೀಲಿ. ಅದರ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ."

"ಒತ್ತಬೇಕಾ?"

"ಒತ್ತಲೇಬಾರದು! ಯಂತ್ರದ ಭಾರ ಸಾಕು. ನೀವು ಅವಸರ ಮಾಡಿದ್ರೆ ಬಿಲ್ಲೆ ಸಿಕ್ಕಿಹಾಕ್ಕೊಂಡು ಯಂತ್ರ ನಿಮ್ಮ ಮೇಲೇ ಎಗರುತ್ತೆ. ಕೊಯ್ದ ತುಂಡು ಹೊರಗಡೆ ಬೀಳೋ ಹಾಗಿರಲಿ, ಸಂದು ಮುಚ್ಚಿಕೊಳ್ಳಬಾರದು. ಸ್ವಿಚ್ ಆರಿಸಿದ ಮೇಲೂ ಅದು ತಿರುಗ್ತಾನೇ ಇರುತ್ತೆ. ಪೂರ್ತಿ ನಿಂತ ಮೇಲೇ ಕೆಳಗಿಡಿ." ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು. ಅಪಿಸಾಯ್ ಓಡುತ್ತಾ ಕೂಗಿದ: "ಆಮೇಲೆ... ಕಿಡಿ ಎಲ್ಲಿಗೆ ಹೋಗುತ್ತೆ ಅಂತ ನೋಡ್ಕೊಳ್ಳಿ!"

ಮಾಸ್ಟರ್ ಬರೆದುಕೊಂಡರು: 'ಕಿಡಿ ನೋಡುವುದು.'

ಊಟ ಮುಗಿಸಿ ಕಾರ್ಯಾರಂಭ. ಕಣ್ಣಿಗೆ ಕನ್ನಡಕ, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ, ಮುಖಕ್ಕೆ ಪಾರದರ್ಶಕ ಪರದೆ, ಕಿವಿಗೆ ಮುಚ್ಚಳ, ಕೈಗೆ ಚರ್ಮದ ಗವಸು, ಕಾಲಿಗೆ ಬೂಟು. ಹಿತ್ತಲಿಗೆ ಬಂದ ಗಂಡನನ್ನು ಕಂಡು ಇಂದ್ರಾವತಿ ಒಂದು ಹೆಜ್ಜೆ ಹಿಂದೆ ಸರಿದಳು.

"ಮಂಚ ಕೊಯ್ಯೋಕೆ ಹೊರಟಿದ್ದೀರೋ, ಚಂದ್ರನ ಮೇಲೆ ಇಳಿಯೋಕೋ?"

"ಸುರಕ್ಷತೆ, ಇಂದ್ರಾ! ಸುರಕ್ಷತೆ!"

ಅವಳ ತಮ್ಮ ಬಿಸುನ್ ಅಂದೇ ತನ್ನ ಹೊಚ್ಚಹೊಸ ಬಿಳಿ ಟ್ಯಾಕ್ಸಿಯನ್ನು ತಂದು ಹಿತ್ತಲಿನ ಮಾವಿನ ಮರದ ನೆರಳಿನಲ್ಲಿ ನಿಲ್ಲಿಸಿ, ಕೀಲಿ ಅಕ್ಕನ ಕೈಗೆ ಕೊಟ್ಟು ಹೋಗಿದ್ದ. ಶನಿವಾರ ಆ ಟ್ಯಾಕ್ಸಿಯಲ್ಲಿ ಒಬ್ಬ ಮದುಮಗಳು ಕೂರಬೇಕಿತ್ತು. ಅಲ್ಲಿಯವರೆಗೆ ಅದಕ್ಕೆ ಒಂದು ಹನಿ ಕೆಸರೂ ಹತ್ತಬಾರದು, ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬಿಟ್ಟರೆ ಯಾರಾದರೂ ಒರಗಿ ನಿಲ್ಲುತ್ತಾರೆ ಎಂದು ಅದನ್ನು ಈ ಸುರಕ್ಷಿತ ಜಾಗದಲ್ಲಿ ಬಚ್ಚಿಟ್ಟಿದ್ದ.

ಮಾಸ್ಟರ್ ಸ್ವಿಚ್ ಒತ್ತಿದರು. ಅರ್ಧ ನಿಮಿಷ ಸುಮ್ಮನೆ ತಿರುಗಿಸಿದರು. ಪಕ್ಕಕ್ಕೆ ನಿಂತರು. ಬಿಲ್ಲೆ ಕಬ್ಬಿಣಕ್ಕೆ ತಾಕಿತು ನೋಡಿ — ಅಬ್ಬಾ! ದೀಪಾವಳಿಯ ಅಷ್ಟೂ ಹೂಕುಂಡಗಳು ಒಟ್ಟಿಗೆ ಬಾಯ್ಬಿಟ್ಟಂತೆ ಬಂಗಾರದ ಬಾಲವೊಂದು ಎರಡಾಳುದ್ದ ಚಿಮ್ಮಿತು! ಮಾಸ್ಟರ್ ಮೈಮರೆತರು. ಯಾಕೆ ಹಳದಿ? ಯಾಕೆ ತುದಿಯಲ್ಲಿ ಕವಲೊಡೆಯುತ್ತದೆ? ಪಾಠದ ಪ್ರಕಾರ ಕಿಡಿಯನ್ನು ನೋಡಿದರು. ನೋಡಿಯೇ ನೋಡಿದರು. ಮಂಚದ ನಾಲ್ಕು ಕಾಲು, ಎರಡು ಅಡ್ಡಪಟ್ಟಿ ಕೊಯ್ದರು. ಬಿಲ್ಲೆ ಬದಲಿಸುವಾಗ ಪ್ಲಗ್ಗನ್ನು ಕಿತ್ತೇ ಬದಲಿಸಿದರು. ದಪ್ಪ ಬಿಲ್ಲೆ ಹಾಕಿ ಹಳೇ ಬಣ್ಣ, ತುಕ್ಕು, ಅಂಚಿನ ಮುಳ್ಳು ಎಲ್ಲ ಉಜ್ಜಿ ಕನ್ನಡಿ ಮಾಡಿದರು. ಸಂಜೆ ಐದಕ್ಕೆ ಯಂತ್ರ ಪೂರ್ತಿ ನಿಂತ ಮೇಲೆ ಕೆಳಗಿಟ್ಟು, ಕೈ ಎತ್ತಿ ಬೆರಳೆಣಿಸಿದರು.

"ಹತ್ತು! ಒಂದು ಹನಿ ರಕ್ತ ಇಲ್ಲ! ನೋಡಿದ್ಯಾ?"

"ನೋಡಿದೆ. ಚೆನ್ನಾಗೇ ಆಗಿದೆ," ಎಂದಳು ಇಂದ್ರಾವತಿ, ಕೊಯ್ದ ಅಂಚಿನ ಮೇಲೆ ಬೆರಳಾಡಿಸಿ. ಮೂವತ್ತಾರು ವರ್ಷದಲ್ಲಿ ಇಂಥ ಮಾತು ಅವಳ ಬಾಯಿಂದ ಬಂದದ್ದು ಎರಡೋ ಮೂರೋ ಸಲ. ಮಾಸ್ಟರ್ ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಇಂದ್ರಾವತಿಯ ಕೂಗು.

"ರೀ! ಬನ್ನಿ ಇಲ್ಲಿ! ಟ್ಯಾಕ್ಸಿಗೆ ದಡಾರ ಬಂದಿದೆ!"

ಬಂದೇ ಇತ್ತು! ಇಬ್ಬನಿಯಲ್ಲಿ ಮಿಂದು ನಿಂತಿದ್ದ ಬಿಳಿ ಟ್ಯಾಕ್ಸಿಯ ಎಡಮೈ ತುಂಬಾ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿಗಳು. ಸಾವಿರಾರು! ಬಟ್ಟೆ ಒಗೆಯುವ ಬಿಳಿ ಟೈಲ್ಸಿನ ಕಟ್ಟೆಗೂ ಚುಕ್ಕಿ. ತಂತಿಯ ಮೇಲೆ ರಾತ್ರಿಯೆಲ್ಲ ಮರೆತಿದ್ದ ಮಾಸ್ಟರರ ಬಿಳಿ ಅಂಗಿಗೂ ಚುಕ್ಕಿ. ಇಂದ್ರಾವತಿ ಸೆರಗಿನಿಂದ ಉಜ್ಜಿದಳು. ಹೋಗಲಿಲ್ಲ.

"ನಿಮ್ಮ ಗ್ರೈಂಡರಿನದೇ ಏನೋ ಕಿತಾಪತಿ."

"ಛೆ! ಗ್ರೈಂಡರಿನ ಧೂಳು ಕಪ್ಪು. ನಾನೇ ನಿನ್ನೆ ಮೂಗು ಒರೆಸಿ ನೋಡಿದೀನಿ. ಇದು ಕೆಂಪು! ನಿನ್ನೆ ಸಂಜೆ ಒಂದೂ ಇರಲಿಲ್ಲ, ರಾತ್ರಿ ಬಂದಿದೆ. ಯಾಕೆ? ಎಲ್ಲಿಂದ?" ಮಾಸ್ಟರರ ಕಣ್ಣು ಫಳಫಳ ಹೊಳೆಯತೊಡಗಿತು. ಆ ಹೊಳಪು ಕಂಡರೆ ಇಂದ್ರಾವತಿಗೆ ಎದೆ ಢವಢವ. ರೇಡಿಯೋ ಬಿಚ್ಚುವ ಮುಂಚೆಯೂ ಹೀಗೇ ಹೊಳೆದಿತ್ತು.

ತನಿಖೆ ಶುರುವಾಯಿತು. ಭೂತಗನ್ನಡಿ ಹಿಡಿದು ಟ್ಯಾಕ್ಸಿಯ ಸುತ್ತ ಮೂರು ಪ್ರದಕ್ಷಿಣೆ. ಕಬ್ಬಿನ ಗದ್ದೆ ಸುಟ್ಟ ಮಸಿಯೇ? ಅದು ಕಪ್ಪು. ಹೂವಿನ ಪರಾಗವೇ? ಅದು ಹಳದಿ. ಒಂದು ಚುಕ್ಕಿಯನ್ನು ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟುಕೊಂಡರು.

"ಅಯ್ಯೋ ರಾಮ! ತಿಂತೀರಾ ಅದನ್ನ?"

"ಒಂಥರಾ ಉಪ್ಪುಪ್ಪು... ರಕ್ತದ ರುಚಿ... ಇಂದ್ರಾ, ಇದು ಕಡಲೊಳಗಿಂದ ಬಂದಿದ್ದು!"

ಒಂದು ಗೇಣು ಅಗಲದ ಚೌಕದಲ್ಲಿ ಎಷ್ಟು ಚುಕ್ಕಿ ಎಂದು ಎಣಿಸಿ, ಗೆರೆ ಕಾಗದದ ಮೇಲೆ ಹಿತ್ತಲಿನ ನಕ್ಷೆ ಬರೆದರು. ಇಂದ್ರಾವತಿ ಚಹಾ ತಂದಿಟ್ಟು ಇಣುಕಿದಳು. ಚುಕ್ಕಿಗಳೆಲ್ಲ ಬೀಸಣಿಗೆಯಂತೆ ಹರಡಿದ್ದವು. ಬೀಸಣಿಗೆಯ ಹಿಡಿಯ ಕಡೆ ಒಂದು ಖಾಲಿ ಜಾಗ.

"ಇಲ್ಲಿ ಯಾಕೆ ಒಂದೂ ಇಲ್ಲ?"

"ಅದು ನಾನು ನಿಂತು ಕೆಲಸ ಮಾಡಿದ ಜಾಗ."

"ಓಹೋ."

"ಅದೇ ಸೋಜಿಗ ನೋಡು! ಸರಿಯಾಗಿ ಅಲ್ಲಿ ಮಾತ್ರ ಬಿದ್ದಿಲ್ಲ! ಮರದ ಬೊಡ್ಡೆ ಗಾಳಿಗೆ ಅಡ್ಡ ಬಂದಿದೆ. ಗಾಳಿ ಯಾವುದು? ಆಗ್ನೇಯ ಮಾರುತ. ಆಗ್ನೇಯಕ್ಕೆ ಏನಿದೆ? ಟೋಂಗಾ ದ್ವೀಪಗಳು. ಟೋಂಗಾದ ಕಡಲೊಳಗೆ ಏನಿದೆ?" ಮಾಸ್ಟರ್ ಪೆನ್ಸಿಲನ್ನು ಟೇಬಲ್ಲಿಗೆ ಕುಟ್ಟಿದರು. "ಜ್ವಾಲಾಮುಖಿ!"

ಇಂದ್ರಾವತಿ ನಕ್ಷೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ಲೋಟದಲ್ಲಿ ಚಹಾ ಇನ್ನೂ ಇತ್ತು.

ಸಂಜೆ ರಾಮಾಯಣ ಮಂಡಳಿ ಸೇರಿತು. ಢೋಲಕ್ ತಣ್ಣಗಾಗುತ್ತಲೇ ಮಾಸ್ಟರ್ ಎದ್ದು ನಿಂತು, ನಕ್ಷೆಯನ್ನು ಗೋಡೆಗೆ ಅಂಟಿಸಿ, ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟರು. ಮೂವತ್ತು ಜನ ಸಾಲಾಗಿ ಟಾರ್ಚು ಹಿಡಿದು ಟ್ಯಾಕ್ಸಿಯ ದರ್ಶನ ಮಾಡಿದರು. ಒಬ್ಬ ಅಜ್ಜಿ ಬಾನೆಟ್ಟಿಗೆ ಕೈ ಮುಗಿದಳು. ಮಾಸ್ಟರರ ಹಳೇ ಸ್ಕೂಲಿನ ಈಗಿನ ಹೆಡ್ ಟೀಚರ್ ಮೆರೆವೋನಿ, ಪ್ರಸಾದಕ್ಕೆಂದು ಬಂದವಳು, ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಜನರಲ್ಲಿ ಇಬ್ಬರು ಮೂವರು ಗ್ಯಾರೇಜಿನವರೂ ಇದ್ದರು. ಅವರು ಚುಕ್ಕಿ ನೋಡಿದರು, ಮರದ ಬುಡದಲ್ಲಿ ಕೊಯ್ದು ಉಜ್ಜಿಟ್ಟ ಮಂಚದ ಕಾಲು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೆಮ್ಮಿದರು. ಧೂಳಿಗೆ ಕೆಮ್ಮು ಸಹಜ ಎಂದುಕೊಂಡರು ಮಾಸ್ಟರ್.

ಬುಧವಾರ ಬೆಳಿಗ್ಗೆ ಬಿಸುನ್ ಟ್ಯಾಕ್ಸಿ ನೋಡಿ ಬೇಲಿ ಹಿಡಿದು ಕುಸಿದು ಕೂತು ಭಾವನನ್ನು ಕೂಗಿದ.

"ಜೀಜಾ! ಏನಾಯ್ತಿದಕ್ಕೆ? ಶನಿವಾರ ಮದುವೆ! ಹುಡುಗಿಯ ಅಪ್ಪ ನೋಡಿದ್ರೆ ನನ್ನನ್ನೇ ಹೂಳ್ತಾನೆ!"

"ಧೈರ್ಯ ತಗೋ ಬಿಸುನ್. ಇದು ಪ್ರಕೃತಿ. ಪ್ರಕೃತಿಯ ಮುಂದೆ ನಾವ್ಯಾರು?"

"ಪ್ರಕೃತಿ ನನ್ನ ಟ್ಯಾಕ್ಸಿ ಎಡಗಡೆ ಮಾತ್ರ ಯಾಕೆ ನೋಡ್ತು?"

ಆ ಪ್ರಶ್ನೆ ಮಾಸ್ಟರರಿಗೂ ಹಿಡಿಸಿತು. ಉತ್ತರ ಹುಡುಕುತ್ತಾ ಗಡ್ಡ ಕೆರೆಯುತ್ತಿರುವಾಗಲೇ ತವೆಯುನಿಯಿಂದ ಅಪಿಸಾಯ್ ಹಿಂತಿರುಗಿದ. ಬೇಲಿಯಾಚೆಯಿಂದ ಒಂದೇ ಸಲ ಟ್ಯಾಕ್ಸಿಯ ಕಡೆ ನೋಡಿದ. ಮನೆಯೊಳಗೆ ಹೋಗಿ, ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವೊಂದಕ್ಕೆ ಕರವಸ್ತ್ರ ಸುತ್ತಿಕೊಂಡು ಬಂದ.

"ಮಾಸ್ಟರ್, ನೆಲದ ಮೇಲೆ, ಟ್ಯಾಕ್ಸಿ ಪಕ್ಕ, ಇದನ್ನ ಒಂದು ಸಲ ಆಡಿಸಿ."

ಮಾಸ್ಟರ್ ಕುತೂಹಲದಿಂದ ಆಡಿಸಿದರು. ಎತ್ತಿ ನೋಡಿದರೆ ಕರವಸ್ತ್ರಕ್ಕೆ ಗಡ್ಡ ಬಂದಿತ್ತು! ಅರ್ಧ ಕಪ್ಪು, ಅರ್ಧ ಕೆಂಪು, ಮುಳ್ಳಿನಂತೆ ನಿಮಿರಿ ನಿಂತ ಕಬ್ಬಿಣದ ಹುಡಿ.

"ಟೋಂಗಾದ ಜ್ವಾಲಾಮುಖಿ ಕಬ್ಬಿಣ ಉಗುಳುತ್ತಾ?" ಮಾಸ್ಟರರ ದನಿ ಅರ್ಧಕ್ಕಿಳಿದಿತ್ತು.

"ಗೊತ್ತಿಲ್ಲ ಮಾಸ್ಟರ್. ಆದರೆ ಗ್ರೈಂಡರ್ ಉಗುಳುತ್ತೆ. ಕಿಡಿ ಅಂದ್ರೆ ಏನು? ಕಾದು ಕೆಂಡವಾದ ಕಬ್ಬಿಣದ ಪುಡಿ. ಬಿಸಿಬಿಸಿಯಾಗಿ ಬಣ್ಣಕ್ಕೆ ಹೋಗಿ ಕಚ್ಚಿಕೊಳ್ಳುತ್ತೆ. ಆಗ ಕಪ್ಪು, ನೆರಳಲ್ಲಿ ಕಾಣೋದೂ ಇಲ್ಲ. ರಾತ್ರಿ ಇಬ್ಬನಿ ಕುಡಿದು ಬೆಳಿಗ್ಗೆಗೆ ತುಕ್ಕು. ಕಿಡಿ ಎಲ್ಲಿಗೆ ಹೋಗುತ್ತೆ ನೋಡ್ಕೊಳ್ಳಿ ಅಂದಿದ್ನಲ್ಲ?"

"ನೋಡ್ದೆ ಕಣಯ್ಯಾ! ಕಣ್ತುಂಬಾ ನೋಡ್ದೆ!"

"ಕಿಡಿ ನೋಡಿದ್ರಿ ಮಾಸ್ಟರ್. ಅದು ಹೋಗೋ ಜಾಗ ನೋಡಲಿಲ್ಲ."

ಬಿಸುನ್ ನಿಧಾನವಾಗಿ ಎದ್ದು ನಿಂತ. "ಯಾರೋ ಕಿಡಿಗೇಡಿಗಳ ಕೆಲಸ ಅಂತ ಪೊಲೀಸರಿಗೆ ಹೇಳೋಣ ಅಂತಿದ್ದೆ, ಜೀಜಾ."

"ಹೇಳೋದೇನೂ ತಪ್ಪಲ್ಲ. ಕಿಡಿಗೇಡಿ ಇಲ್ಲೇ ನಿಂತಿದ್ದಾರೆ," ಎಂದಳು ಇಂದ್ರಾವತಿ.

ಮಾಸ್ಟರ್ ತಲೆ ತಗ್ಗಿಸಿ ನಿಂತಿದ್ದರು. ನಾಚಿಕೆಯೋ ಎಂದು ಇಂದ್ರಾವತಿಗೆ ಒಂದು ಗಳಿಗೆ ಕನಿಕರವೂ ಆಯಿತು. ಅವರು ಮಾತ್ರ ಕರವಸ್ತ್ರದ ಗಡ್ಡವನ್ನೇ ನೋಡುತ್ತಿದ್ದರು. "ಅಪಿಸಾಯ್, ಒಂದೇ ರಾತ್ರೀಲಿ ತುಕ್ಕು ಹಿಡಿಯುತ್ತಾ? ಯಾಕೆ ಅಷ್ಟು ಬೇಗ?"

"ರೀ!!"

"ಆಯ್ತು, ಆಯ್ತು."

ಎರಡು ದಿನ ಮಾಸ್ಟರಿಗೆ ಮಂಡಿಯೇ ಕಾಲು. ಅಪಿಸಾಯ್ ಪೇಟೆಯಲ್ಲಿ ಕಾರಿಗೆ ಬಣ್ಣ ಹೊಡೆಯುವವರ ಹತ್ತಿರ ಮೆತ್ತನೆಯ ಜೇಡಿಯುಂಡೆ ತಂದುಕೊಟ್ಟ. ಸೋಪಿನ ನೀರು ಚಿಮುಕಿಸಿ, ಉಂಡೆಯನ್ನು ಹಗುರಾಗಿ ಆಡಿಸಿದರೆ ಕಚ್ಚಿಕೊಂಡ ಕಬ್ಬಿಣ ಅದಕ್ಕೆ ಅಂಟಿ ಬರುತ್ತದೆ. ಒತ್ತಿದರೆ ಬಣ್ಣವೇ ಗೀರುತ್ತದೆ. ಇಲ್ಲೂ ಅವಸರ ಕೂಡದು! ಬಾಗಿಲು, ಬಾನೆಟ್ಟು, ಕಟ್ಟೆ. ಚುಕ್ಕಿಗೊಂದು ನಮಸ್ಕಾರದಂತೆ ಬಗ್ಗಿ ಬಗ್ಗಿ ಉಜ್ಜಿದರು. ಎಡಗಡೆ ಕಿಟಕಿಯ ಗಾಜಿಗೆ ಕರಗಿ ಹೊಕ್ಕ ಚುಕ್ಕಿಗಳು ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. ಅದಕ್ಕೆ ಇಂದ್ರಾವತಿ ಮೊಳಗಟ್ಟಲೆ ಚೆಂಡುಹೂವಿನ ಮಾಲೆ ಕಟ್ಟಿ ಇಳಿಬಿಟ್ಟಳು. ಶನಿವಾರ ಮದುಮಗಳು ಕೂತಳು, ಹೋದಳು. ಹುಡುಗಿಯ ಅಪ್ಪ ಬಿಸುನ್‌ನ ಬೆನ್ನು ತಟ್ಟಿ, ಇಷ್ಟು ಹೂವು ಯಾರೂ ಹಾಕಿರಲಿಲ್ಲ ಎಂದನಂತೆ. ಹೊಸ ಗಾಜಿನ ಹೊಣೆ ಜೀಜಾನದು ಎಂದು ಬಿಸುನ್ ಆಗಲೇ ಮಾತು ತಗೊಂಡಿದ್ದ.

ಎಲ್ಲ ಮುಗಿಯಿತಲ್ಲ ಎಂದು ಮಾಸ್ಟರ್ ನಿಟ್ಟುಸಿರು ಬಿಟ್ಟ ಸೋಮವಾರವೇ ಮೆರೆವೋನಿ ಟೀಚರ್ ಮನೆಗೆ ಬಂದಳು. ಕೈಯಲ್ಲಿ ಒಂದು ಕಟ್ಟು ಕಾಗದ.

"ಮಾಸ್ಟರ್‌ಜೀ, ನಿಮ್ಮ ಉಪನ್ಯಾಸ ಕೇಳಿ ಆರನೇ ಕ್ಲಾಸಿಗೆ ಪ್ರಬಂಧ ಸ್ಪರ್ಧೆ ಇಟ್ಟಿದ್ದೆ. 'ನಮ್ಮೂರಿಗೆ ಬಂದ ಜ್ವಾಲಾಮುಖಿಯ ಧೂಳು'. ಮೂವತ್ತೆರಡು ಪ್ರಬಂಧ! ತೀರ್ಪುಗಾರರು ನೀವೇ ಆಗಬೇಕು."

ಮಾಸ್ಟರ್ ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದವರು, ಕಟ್ಟನ್ನು ಕೈಗೆ ತೆಗೆದುಕೊಂಡರು. ಟೀಚರ್ ಹೋದ ಮೇಲೆ ಮೆಟ್ಟಿಲ ಮೇಲೆ ಕೂತು, ಕಟ್ಟಿನ ಮೊದಲ ಹಾಳೆ ತೆಗೆದು, ಇಂದ್ರಾವತಿಗೆ ಕೇಳುವಂತೆ ಓದತೊಡಗಿದರು.

"'ನಮ್ಮೂರಿನ ಟ್ಯಾಕ್ಸಿಯ ಮೇಲೆ ಟೋಂಗಾದ ಜ್ವಾಲಾಮುಖಿಯ ಧೂಳು ಬಿದ್ದಿದೆ ಎಂದು ಮಾಸ್ಟರ್‌ಜೀ ಹೇಳಿದ್ದಾರೆ. ನಮ್ಮ ಅಪ್ಪ ಗ್ಯಾರೇಜಿನಲ್ಲಿದ್ದಾರೆ. ಅವರು, ಅದು ಮಾಸ್ಟರ್‌ಜೀಯ ಗ್ರೈಂಡರಿನ ಕಿಡಿ ಎಂದರು. ಆದರೆ ಅಪ್ಪನೇ, ಮಾಸ್ಟರ್‌ಜೀ ನನಗೂ ಪಾಠ ಹೇಳಿದವರು, ದೊಡ್ಡವರು, ಅವರಿಗೆ ಬೇಜಾರಾಗುತ್ತದೆ, ನೀನು ಬರೆಯಬೇಡ ಎಂದರು. ಆದ್ದರಿಂದ ನಾನು ಜ್ವಾಲಾಮುಖಿ ಎಂದೇ ಬರೆಯುತ್ತಿದ್ದೇನೆ.'"

ಇಂದ್ರಾವತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳ ಭುಜ ಕುಣಿಯುತ್ತಿತ್ತು.

"ಎಷ್ಟು ಮಾರ್ಕು ಕೊಡ್ತೀರಾ?"

ಮಾಸ್ಟರ್ ಕೆಂಪು ಪೆನ್ನು ತೆಗೆದು, ಮೂಗು ಒರೆಸಿಕೊಂಡು, ಹಾಳೆಯ ಮೂಲೆಯಲ್ಲಿ ದೊಡ್ಡದಾಗಿ ಬರೆದರು: ಹತ್ತಕ್ಕೆ ಹತ್ತು.

"ಇದು ಮಗುವಿಗೆ," ಎಂದರು. "ನನ್ನ ಮಾರ್ಕು ಊರೆಲ್ಲ ಮಂಗಳವಾರವೇ ಕೆಮ್ಮಿ ಕೊಟ್ಟು ಮುಗಿಸಿದೆ."