ಹಾಡು ಎಗರುವ ಜಾಗ

ಕ್ರಿಸಾಂತೊ ಹಾಡಿನ ಆ ಎಲ್‌ಪಿ ತಟ್ಟೆಯನ್ನು ತೊಳೆದದ್ದು ಅತ್ತೆಯ ಮೇಲಿನ ಪ್ರೀತಿಗೇ. ತೊಳೆದು ಸುಮ್ಮನಿದ್ದರೆ ಆಗುತ್ತಿತ್ತು. ಒಣಗಲಿ ಎಂದು ಕಿಟಕಿಯ ತಗಡಿನ ಮೇಲಿಟ್ಟ. ಮನಿಲಾದ ಮೇ ತಿಂಗಳ ಬಿಸಿಲು. ಕಾಫಿ ಕುಡಿದು ಬರುವಷ್ಟರಲ್ಲಿ ಹಾಡು ಕರಿದ ಹಪ್ಪಳದಂತೆ ಮುದುರಿ ಕೂತಿತ್ತು.

ಅವತ್ತೇ ಅತ್ತೆ ರೆಮೆದಿಯೋಸರ ಎಪ್ಪತ್ತನೇ ಹುಟ್ಟುಹಬ್ಬ. ಪ್ರತಿ ವರ್ಷ ಅದೇ ಹಾಡಿಗೆ ಅವರು ಕುಣಿಯಬೇಕು, ಬೀದಿಯೆಲ್ಲ ಜೊತೆಗೂಡಬೇಕು. ಕುಣಿತವೆಂದರೆ ಕಾಲು ಗಂಟು ಬೀಳುವ ಕ್ರಿಸಾಂತೊ, ಹಾಡು ಹಾಕುವ ಕೆಲಸ ಹಿಡಿದು ಹೇಗೋ ಮಾನ ಉಳಿಸಿಕೊಂಡಿದ್ದ. ಅದು ಕೈತಪ್ಪಿದರೆ ಅವನೂ ಕುಣಿಯಲೇಬೇಕು!

ಕಿಯಾಪೊ ಪೇಟೆಯ ರೆಕಾರ್ಡಿನ ಅಂಗಡಿಗೆ ಓಡಿದ.

"ಎರಡು ಥರ ಇದೆ ನೋಡಪ್ಪ," ಎಂದ ಅಂಗಡಿಯವನು. "ಇದು ಆ ಕಾಲದ್ದೇ. ಅದು ಅದೇ ಹಾಡನ್ನ ಈಚೆಗೆ ಮತ್ತೆ ಅಚ್ಚು ಹಾಕಿದ್ದು."

"ವ್ಯತ್ಯಾಸ ಏನಣ್ಣ?"

"ಹಳೇದರಲ್ಲಿ ಹಾಡೋಳು ಉಸಿರೆಳೆಯೋದೂ ಕೇಳಿಸತ್ತೆ."

ಹಳೆಯದರ ಬೆಲೆ ಕೇಳಿ ಕ್ರಿಸಾಂತೊನ ಉಸಿರೇ ನಿಂತಿತು. ಹೊಸದನ್ನೇ ತಂದು ಹಳೆಯ ಕವರಿಗೆ ತುರುಕಿದ.

ಸಂಜೆ ಪಕ್ಕದ ಮನೆಯ ಲಿಗಾಯಾ ಕತ್ತು ಚಾಚಿದಳು. "ಏನ್ರೀ ಅಳಿಯಂದಿರೇ, ಎಲ್‌ಪಿ ಹಿಂಗೆ ಮಿಂಚ್ತಿದೆ?"

"ತೊಳೆದೆ ಅಕ್ಕ."

"ಅದೇನು ಪಾತ್ರೇನಾ?"

ಹುಟ್ಟುಹಬ್ಬದ ಶಾವಿಗೆ ತಿಂದದ್ದಾಯಿತು, ಹಾಡು ಶುರುವಾಯಿತು. ಅತ್ತೆ, ಲಿಗಾಯಾಳ ಗಂಡ ದೊಮಿಂಗನ ಕೈ ಹಿಡಿದು ತೇಲಿದರು. ಹಳೆಯ ತಟ್ಟೆಯಲ್ಲಿ ಒಂದು ಗೀರಿತ್ತು. ಗ್ರಾಮಫೋನಿನ ಮುಳ್ಳು ಅಲ್ಲಿ ಒಮ್ಮೆ ಎಗರುತ್ತಿತ್ತು. ಅದರ ಜೊತೆ ತಾವೂ ಎಗರುವುದು ಬೀದಿಯವರ ಕಾಲಿಗೇ ರೂಢಿಯಾಗಿತ್ತು. ಆ ಜಾಗ ಬಂತು. ಹಾಡು ನೆಟ್ಟಗೆ ಹೋಯಿತು, ಬೀದಿ ಎಗರಿತು. ತಾಳ ತಪ್ಪಿ ಒಬ್ಬರ ಮೇಲೊಬ್ಬರು ಬಿದ್ದರು; ಅತ್ತೆ ದೊಮಿಂಗನ ಹೆಬ್ಬೆರಳ ಮೇಲೆ ಇಳಿದರು.

"ಅಯ್ಯಯ್ಯೋ!" ಎಂದ ದೊಮಿಂಗ.

ಅತ್ತೆ ಸೊಂಟಕ್ಕೆ ಕೈ ಕೊಟ್ಟು ತಿರುಗಿದರು. "ಕ್ರಿಸಾಂತೊ, ತೊಳೆದು ಬಿಸಿಲಿಗಿಟ್ಯಾ?"

"ತಪ್ಪಾಯ್ತು ಅತ್ತೆ! ಆ ಕಾಲದ ತಟ್ಟೆ, ಹಾಳು ಮಾಡ್ಬಿಟ್ಟೆ."

"ಆ ಕಾಲದ್ದು ಎಲ್ಲಿಂದ ಬಂತು! ಅದನ್ನ ನಿಮ್ಮ ಮಾವ ಯಾವತ್ತೋ ತೊಳೆದು ಬಿಸಿಲಿಗಿಟ್ಟಿದ್ರು. ಹೊಸದು ತಂದು, ಅದೇ ಜಾಗ ಹುಡುಕಿ ಗೀಚಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಹಾಕಿದ್ರು. ನಾನೂ ಗೊತ್ತಿಲ್ಲದೋಳ ಹಾಗೆ ಎಗರಿದೆ. ಪಾಪ, ಸಾಯೋವರೆಗೂ ಗೆದ್ದೆ ಅಂದ್ಕೊಂಡಿದ್ರು." ಕಣ್ಣೊರೆಸಿಕೊಂಡು ತುರುಬಿನ ಪಿನ್ನು ಕಿತ್ತು ಕೊಟ್ಟರು. "ತಗೋ, ಗೀಚು."

ಪಿನ್ನನ್ನು ಎರಡು ಸಲ ಜಾರಿಸಿಕೊಂಡು ಕ್ರಿಸಾಂತೊ ಗೀಚಿದ. ಹಾಡು ಈಗ ಒಂದು ಕಡೆಯಲ್ಲ, ಮೂರು ಕಡೆ ಎಗರಿತು.

ದೊಮಿಂಗ ಮಂಜುಗಡ್ಡೆಯ ಬೋಗುಣಿಯಲ್ಲಿ ಕಾಲಿಟ್ಟು ಕೂತಿದ್ದ. ಹಾಡನ್ನು ಮೊದಲಿಂದ ಹಾಕಲು ಲಿಗಾಯಾ ಆಗಲೇ ಓಡಿ ಬಂದು ಕ್ರಿಸಾಂತೊನ ಜಾಗ ಹಿಡಿದಿದ್ದಳು.

ಅತ್ತೆ ಅಳಿಯನತ್ತ ಕೈ ಚಾಚಿದರು. "ನನಗೆ ಜೋಡಿ ಇಲ್ಲ. ಬಾರಪ್ಪ, ಗೀಚಿದೋನೇ ಎಗರಬೇಕು."