ಟೈಲರು ಡೈವಿಂಗ್ ಜಾಕೆಟ್ಟು ಆರಿಸಿದ್ದು

ಬಾಡಿಗೆಯ ಜಾಕೆಟ್ಟು ಟೈಲರ ಕಿವಿಯವರೆಗೆ ಏರಿ ಕೂತಿತ್ತು. ಅದರೊಳಗಿನಿಂದ ಎರಡು ಕಣ್ಣು ಮಾತ್ರ ಆಮೆಯ ಕಣ್ಣಿನಂತೆ ಪಿಳಿಪಿಳಿ ಎನ್ನುತ್ತಿದ್ದವು. ದೋಣಿಕಟ್ಟೆಯ ಮೇಲೆ ನಿಂತಿದ್ದ ಡೈವಿಂಗ್ ಮೇಡಂ ತಲೆಯಾಡಿಸಿದರು.

"ಟೈಲರೇ, ಇದನ್ನ ಹಾಕ್ಕೊಂಡು ನೀರಿಗಿಳಿದ್ರೆ ನೀವೊಂದು ದಿಕ್ಕು, ಜಾಕೆಟ್ಟೊಂದು ದಿಕ್ಕು. ಹನ್ನೆರಡಕ್ಕೆ ದೋಣಿ ಹೊರಡತ್ತೆ. ಅಷ್ಟರೊಳಗೆ ಮೈಗೆ ಸರಿಯಾಗಿ ಕೂರೋ ಜಾಕೆಟ್ಟು, ಉಸಿರಾಡೋಕೆ ಬಾಯಿಗೆ ಒಗ್ಗೋ ರೆಗ್ಯುಲೇಟರು ತಗೊಂಡು ಬಂದ್ರೆ ಹತ್ತಿಸ್ಕೋತೀನಿ. ಇಲ್ಲಾಂದ್ರೆ ಇಲ್ಲ."

ಮುಳುಗಿದ ಹಡಗೊಂದನ್ನು ಕಣ್ಣಾರೆ ನೋಡಬೇಕೆಂದು ಟೈಲರು ಐವತ್ತನಾಲ್ಕನೇ ವಯಸ್ಸಿನಲ್ಲಿ ಹೆಂಡತಿಯ ಜೊತೆ ಡೈವಿಂಗ್ ಕಲಿತಿದ್ದರು. ಪರೀಕ್ಷೆಯಲ್ಲಿ ಇಬ್ಬರೂ ಪಾಸು. ಹೆಂಡತಿ ಮೊದಲನೇ ಸಲಕ್ಕೆ, ಟೈಲರು ಮೂರನೇ ಸಲಕ್ಕೆ. ಇವತ್ತು ಆ ಹಡಗಿನ ಹತ್ತಿರ ಹೋಗುವ ದಿನ. ಬಿಟ್ಟರೆ ಮತ್ತೆ ಮುಂದಿನ ವರ್ಷ.

ಕಟ್ಟೆಯ ಎದುರಿಗೇ ಡೈವಿಂಗ್ ಸಾಮಾನಿನ ಅಂಗಡಿ. ಟೈಲರು ಓಡಿದರು. ಹಿಂದೆ ಹೆಂಡತಿ, ಅವರ ಹಿಂದೆ, ಬೀಳ್ಕೊಡಲು ಬಂದಿದ್ದ ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರು. ಮೇಷ್ಟ್ರು ಜನ್ಮದಲ್ಲಿ ಮೊಣಕಾಲಿಗಿಂತ ಆಳದ ನೀರು ಕಂಡವರಲ್ಲ. ಆದರೆ ಸಲಹೆ ಕೊಡಲು ಈಜು ಬರಬೇಕೆಂದೇನೂ ಇಲ್ಲವಲ್ಲ.

"ಒಂದು ಸೈಜು ದೊಡ್ಡದೇ ತಗೊಳ್ಳಿ," ಎಂದರು ಮೇಷ್ಟ್ರು. "ಮಕ್ಕಳ ಯೂನಿಫಾರ್ಮಿಗೂ ನಾನು ಇದನ್ನೇ ಹೇಳ್ತಿದ್ದೆ."

"ಮೇಷ್ಟ್ರೇ, ಇನ್ನು ನಾನು ಬೆಳೆಯೋದಿದ್ರೆ ಅಡ್ಡಕ್ಕೆ ಮಾತ್ರ."

ಅಂಗಡಿಯಾತ ದಪ್ಪನೆಯದೊಂದನ್ನು ಇಳಿಸಿದ. "ಇದಕ್ಕೆ ಎಂಟು ಜೇಬು ಸಾರ್!"

"ಸಮುದ್ರದ ತಳಕ್ಕೆ ಸಂತೆಗೆ ಹೋಗ್ತಿದೀನೇನಪ್ಪ?"

ಆದರೂ ತೊಡಿಸಿದರು. ಭಾರ ತಿಳಿಯಲೆಂದು ಅಂಗಡಿಯಾತ ಬೆನ್ನಿಗೆ ಗಾಳಿಯ ಸಿಲಿಂಡರನ್ನೂ ಸೇರಿಸಿದ. ಎದೆಯ ಹತ್ತಿರ ಒಂದು ಕೊಳವೆ, ಕೊಳವೆಯ ತುದಿಯಲ್ಲಿ ಎರಡು ಗುಂಡಿ. ಒಂದು ಗಾಳಿ ತುಂಬಲು, ಇನ್ನೊಂದು ಬಿಡಲು. "ಇದೇನು?" ಎಂದು ಮೇಷ್ಟ್ರು ಒಂದನ್ನು ಒತ್ತಿದರು.

ಜಾಕೆಟ್ಟು ಬುಸ್ಸೆಂದು ಉಬ್ಬಿತು. ಟೈಲರ ಎರಡೂ ಕೈ ಗದ್ದೆಯ ಬೆದರುಬೊಂಬೆಯಂತೆ ಅಗಲವಾದವು. ಗಾಬರಿಯಿಂದ ತಿರುಗಿದರು, ಸಿಲಿಂಡರ್ ಬಡಿದು ಒಂದು ಸಾಲು ಡೈವಿಂಗ್ ಮಾಸ್ಕುಗಳು ನೆಲಕ್ಕುರುಳಿದವು. "ಬಿಡಿಸ್ತೀನಿ, ತಾಳಿ!" ಎಂದು ಮೇಷ್ಟ್ರು ಮತ್ತೆ ಅದೇ ಗುಂಡಿಯನ್ನೇ ಒತ್ತಿದರು. ಟೈಲರು ಎರಡು ಕಪಾಟಿನ ನಡುವೆ ಬಿರಡೆಯಂತೆ ಸಿಕ್ಕಿಕೊಂಡರು. ಪಕ್ಕದ ಕ್ಷೌರದಂಗಡಿಯಿಂದ ಅರ್ಧ ಗಡ್ಡ ಹೆರೆಸಿಕೊಂಡಿದ್ದವನೊಬ್ಬ ಸೋಪಿನ ಸಮೇತ ನೋಡಲು ಬಂದ.

"ಸರೀರಿ ಮೇಷ್ಟ್ರೇ," ಎಂದು ಹೆಂಡತಿ ಮುಂದೆ ಬಂದು ಇನ್ನೊಂದು ಗುಂಡಿ ಒತ್ತಿದರು. ಸುಸ್ಸೆಂದು ಗಾಳಿ ಇಳಿಯಿತು, ಟೈಲರೂ ಇಳಿದರು.

ಆದರೆ ಆ ಒದ್ದಾಟದಲ್ಲೇ ಟೈಲರೊಳಗಿನ ಟೈಲರು ಎದ್ದು ಕೂತಿದ್ದರು. ಕೊರಳಿನ ಟೇಪು ಕೈಗೆ ಬಂತು.

"ಗಾಳಿ ತುಂಬಿದಾಗ ಎದೆ ಹಿಂಡಿತು. ಬಿಟ್ಟಾಗ ಹೆಗಲು ಜಾರಿತು. ಎಂಟು ಜೇಬಿಟ್ಟವನು ಹೆಗಲನ್ನೇ ಮರೆತಿದ್ದಾನೆ! ತೆಗಿಯಪ್ಪ, ಆ ಮೂಲೇಲಿರೋ ಸಣ್ಣದು."

"ಅದಾ? ಅದು ಒಂದೇ ಪೀಸು ಸಾರ್, ಯಾರೂ ಕೇಳೋದೇ ಇಲ್ಲ."

ಟೈಲರು ತೊಟ್ಟರು, ಗಾಳಿ ತುಂಬಿಸಿದರು, ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿದರು. ಜಾಕೆಟ್ಟು ಅಲ್ಲಾಡಲಿಲ್ಲ, ಉಸಿರು ಸರಾಗ.

ಇನ್ನು ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ರೆಗ್ಯುಲೇಟರು. ಮೂವತ್ತು ವರ್ಷ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಹರಟಿದ ಬಾಯಿ ಅದು, ಸುಲಭಕ್ಕೆ ಮೋಸಹೋಗುವಂಥದ್ದಲ್ಲ. ಮೊದಲನೆಯದು ದವಡೆಯನ್ನು ಕೆಳಕ್ಕೆ ಜಗ್ಗಿತು. ಎರಡನೆಯದು ಎಷ್ಟು ಎಳೆದರೂ ಜಿಪುಣನಂತೆ ಗಾಳಿ ಬಿಡಲೊಲ್ಲದು. ಮೂರನೆಯದರಿಂದ ಕರೆಯುವ ಮೊದಲೇ ಬರುವ ನೆಂಟರಂತೆ ಗಾಳಿ ನುಗ್ಗಿತು. ನಾಲ್ಕನೆಯದು ಕೇಳಿದ ಕೂಡಲೇ ಕೊಟ್ಟಿತು, ಕೇಳಿದಷ್ಟೇ ಕೊಟ್ಟಿತು.

"ಇದೇ!"

ಅಂಗಡಿಯ ಹಿಂದಿನ ಪರೀಕ್ಷೆಯ ಕೊಳಕ್ಕೆ ಇಳಿದರು. ಮೇಲೂ ಇಲ್ಲ, ಕೆಳಗೂ ಇಲ್ಲ, ನಟ್ಟನಡು ನೀರಿನಲ್ಲಿ ಹ್ಯಾಂಗರಿಗೆ ಹಾಕಿದ ಕೋಟಿನಂತೆ ನೆಟ್ಟಗೆ ನಿಂತರು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಹುಡುಕಿಕೊಂಡು ಬಂದ ಮೇಡಂ ಕೂಡ, "ಭೇಷ್! ಈಗ ಹತ್ತಿ ದೋಣಿ!" ಎಂದರು.

ಅಷ್ಟಕ್ಕೇ ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮೇಡಂ ಜೊತೆ ಬಂದಿದ್ದ, ಅದೇ ದೋಣಿಯಲ್ಲಿ ಡೈವಿಂಗ್‌ಗೆ ಹೊರಟಿದ್ದ ಎಂಟು ಜನರಲ್ಲಿ ಒಬ್ಬ, "ಟೈಲರೇ, ನಂದೂ ಸ್ವಲ್ಪ ನೋಡ್ತೀರಾ? ಹೊಟ್ಟೆ ಹತ್ರ ಹಿಡಿಯತ್ತೆ," ಎಂದ. ಗಿರಾಕಿ ಕೇಳಿದ ಮೇಲೆ ಟೈಲರು ಇಲ್ಲವೆನ್ನುವುದುಂಟೆ? ಒಬ್ಬೊಬ್ಬರದೂ ಪಟ್ಟಿ ಸಡಿಲಿಸಿ, ಬಿಗಿಮಾಡಿ, ಇಬ್ಬರಿಗೆ ಜಾಕೆಟ್ಟನ್ನೇ ಬದಲಿಸಿ ಕೂರಿಸಿದರು. ಎಂಟೂ ಜನ ಎದೆಯುಬ್ಬಿಸಿ ದೋಣಿಗೆ ನಡೆದರು. ಹನ್ನೆರಡಕ್ಕೆ ಐದು ನಿಮಿಷ.

"ಊರಿಗೆಲ್ಲಾ ನೋಡಿದ್ರಿ," ಎಂದರು ಹೆಂಡತಿ. "ನನ್ನ ಕಡೆ ಒಂದ್ಸಲ ನೋಡಿದ್ರಾ?"

ಟೈಲರು ನೋಡಿದರು. ಹೆಂಡತಿಯ ಬಾಡಿಗೆ ಜಾಕೆಟ್ಟು ಕೋಲಿಗೆ ತೂಗುಹಾಕಿದ ಚೀಲದಂತೆ ಜೋಲುತ್ತಿತ್ತು. ಪಾಪ, ಮೇಡಂ ಕಣ್ಣಿಗೆ ಬೀಳದಿರಲೆಂದು ಅದನ್ನು ಲಾಡಿಯಿಂದ ಬಿಗಿದು ಕಟ್ಟಿಕೊಂಡಿದ್ದರು. ಟೈಲರ ಹೆಂಡತಿಗೆ ಇಂಥ ಹೊಲಿಗೆಯೇ! ಅಂಗಡಿಯನ್ನೆಲ್ಲ ತಡಕಿದರು. ಯಾವುದೂ ಕೂರಲಿಲ್ಲ.

"ತಾಳು, ನನ್ನದು ಹಾಕ್ಕೊಂಡು ನೋಡು. ಅಳತೆಗೆ."

ಕೂತಿತು! ಇಬ್ಬರ ಹೆಗಲೂ ಒಂದೇ ಅಳತೆ ಎಂಬುದು ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಟೈಲರಿಗೆ ಇವತ್ತೇ ಗೊತ್ತಾದದ್ದು. ರೆಗ್ಯುಲೇಟರನ್ನೂ ಬಾಯಿಗಿಟ್ಟು ನೋಡಿದರು. ಅದೂ ಹೇಳಿ ಮಾಡಿಸಿದಂತಿತ್ತು. ಟೈಲರು ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಆನಂದವಾಗಿ ನೋಡಿದರು.

"ತಿರುಗು. ಕೈ ಎತ್ತು. ಹತ್ತು ಹೆಜ್ಜೆ ನಡಿ, ನೋಡೋಣ."

ಹೆಂಡತಿ ಅಂಗಡಿಯ ಬಾಗಿಲು ದಾಟಿ ಕಟ್ಟೆಯ ಕಡೆಗೆ ನಡೆದರು. ಹತ್ತನೇ ಹೆಜ್ಜೆಗೆ ದೋಣಿಯ ಹಾರ್ನು ಕೂಗಿತು. ಹನ್ನೊಂದನೇ ಹೆಜ್ಜೆಗೆ ಮೇಡಂ, "ಬೇಗ, ಬೇಗ!" ಎಂದು ಕೈಹಿಡಿದು ದೋಣಿಗೆ ಎಳೆದುಕೊಂಡರು. ದೋಣಿ ಹೊರಟೇ ಹೋಯಿತು.

ಟೈಲರು ಕಟ್ಟೆಯ ತುದಿಗೆ ಓಡಿ ನಿಂತರು. ಮುಖ ಅರಳಿತ್ತು.

"ನೋಡಿದ್ರಾ ಮೇಷ್ಟ್ರೇ? ಒಂಬತ್ತು ಜಾಕೆಟ್ಟು! ಒಬ್ಬರ ಹೆಗಲಾದರೂ ಜಾರಿದೆಯಾ? ಹೇಳಿ!"

"ಇಲ್ಲ, ಇಲ್ಲ," ಎಂದರು ಮೇಷ್ಟ್ರು. "ಅದ್ಸರಿ, ನೀವ್ಯಾಕೆ ಇಲ್ಲೇ ಇದೀರಿ?"