ಕೇದಾರದಿಂದ ಬಂದ ಗಡ್ಡಿ

ನನ್ನ ತಮ್ಮಗ ತಲಿ ಕೆಟ್ಟೈತಿ ಅಂತ ಗುಡೇಕೋಟೆ ಮಂದಿ ಅಂತಾರ. ನಾನು ಒಪ್ಪಂಗಿಲ್ಲ. ಅವನ ಮನ್ಯಾಗ ಇರೋಳು ನಾನು, ನನಗ ಗೊತ್ತಿಲ್ಲೇನು? ಕೆಡಾಕ ಮೊದಲು ಇರಬೇಕಲ್ರಿ!

ಎಲ್ಲಾರೂ ಕೇದಾರಕ್ಕ ಹೋಗಿ ಗಂಗಿ ತಂದ್ರು, ರುದ್ರಾಕ್ಷಿ ತಂದ್ರು. ಈ ಮಹಾರಾಯ ಹಸಿ ಟವೆಲ್‌ನಾಗ ಗೇಣುದ್ದದ ಗಿಡ ಸುತ್ತಿಕೊಂಡು ಬಂದ. ಶುಂಠಿ ಜಾತಿದು. ಮ್ಯಾಲಿನ ಗುಡ್ಡದ ಇಳಿಜಾರಿನಾಗ, ಮಳಿಯೊಳಗ, ಕಲ್ಲಿನ ಸಂದಿಗೆ ಹೂ ಬಿಟ್ಟು ನಿಂತಿತ್ತಂತ. ಹೆಂಡತಿಗೆ ಮೊಣಕಾಲು ಬ್ಯಾನಿ, ಜೋಡಿ ಹೋಗಾಕ ಆಗಿರ್ಲಿಲ್ಲ. ಅಲ್ಲಿ ಕಣ್ಣಿಗೆ ಏನು ಚೆಂದ ಕಾಣತೈತೋ ಅದನ್ನ ತರ್ರಿ ಅಂದಿದ್ಲು. ದಾರ್ಯಾಗ ಹೂ ಉದುರಿತು. ಹೆಂಗಿತ್ತು ಅಂತ ಆಕಿ ಎಷ್ಟು ಕೇಳಿದ್ರೂ ಒಂದ ಮಾತು: "ಬಿಟ್ಟಾಗ ನೀನ ನೋಡು."

ನಮ್ಮೂರಾಗ ಬಂಡೆಗಲ್ಲ ಬೆವರತಾವ, ಇನ್ನ ಈ ಗಿಡ? ಮಡಕಿಗೆ ಹಸಿ ಕಂಬಳಿ ಹೊದಿಸಿದ. ಯಾವ ಕಂಬಳಿ? ತನ್ನ ಮದುವ್ಯಾಗ ಹಾಸಿದ್ದು! ಕೂಡ್ಲಿಗಿಯಿಂದ ಬಸ್ಸಿನಾಗ ಐಸ್ ತರೋನು, ಊರು ಬರೋದ್ರಾಗ ಅದು ನೀರು. ಯಾರಿಗೆ ಜ್ವರ ಅಂತ ಕಂಡಕ್ಟರ್ ಕೇಳಿದ್ರ, ಮನ್ಯಾಗ ಒಬ್ರಿಗೆ ಅಂತಿದ್ನಂತ.

ದೀಪಾವಳಿ ಹೊತ್ತಿಗೆ ಎಲಿ ಎಲ್ಲಾ ಒಣಗಿತು. ಸತ್ತಿತು ಅಂತ ಮಡಕಿ ಹಿತ್ತಲಿಗೆ ಇಟ್ಟು, ಕಂಬಳಿ ಹಿಂಡಿ ಒಣಹಾಕಿ, ಮಾತು ಬಿಟ್ಟು ಕುಂತ. ಮನಿಗೆ ಅಷ್ಟು ಸುಖ ಯಾವತ್ತೂ ಇದ್ದಿಲ್ಲ ಬಿಡ್ರಿ. ಅರಿಶಿಣದ ಗಡ್ಡಿ ಹಂಗ ಮಣ್ಣಾಗ ಮಲಗಿರಬೌದು ಅಂತ ಒಬ್ರಿಗಾದ್ರೂ ಹೊಳೀತೇನು?

ಚಳಿಗೆ ಅವನಿಗೆ ಕೆಮ್ಮು ಹತ್ತಿತು. ಹೆಂಡತಿ ಚಹಾ ಕೊಟ್ಲು. ಶುಂಠಿ ಖಾರನ ಇಲ್ಲಲ್ಲ, ಎಲ್ಲಿದು ಅಂದ.

"ನಿಮ್ಮ ಮಡಕ್ಯಾಗಿಂದ್ರಿ. ಮೆಣಸಿನ ಸಸಿ ಹಚ್ಚೂಣು ಅಂತ ಮಣ್ಣು ಕೆದರಿದೆ, ಗಡ್ಡಿ ಹಸೀನ ಇದ್ವು. ಎಲ್ಲಾ ಕುಟ್ಟಿ ಹಾಕೀನಿ."

ಲೋಟ ಕೆಳಗಿಟ್ಟ. ಈಗ ಒದರತಾನ ಅಂತ ನಾನು ಎದ್ದು ನಿಂತೆ. ಒದರಲಿಲ್ಲ. ಆಕಿಗೂ ತಿಳೀತು.

"ಜೀವ ಇತ್ತೇನ್ರಿ ಅದಕ್ಕ?"

ಹೌದಂತ ಗೋಣು ಹಾಕಿದ. ಇನ್ನೊಂದು ಮಳಿಗಾಲ ಕಾದಿದ್ರ ಆಕಿ ಕಣ್ಣಿಗೆ ಬೀಳತಿತ್ತು ಹೂವು.

"ಹಂಗಾರ ಈಗರ ಹೇಳ್ರಿ. ಹೆಂಗಿತ್ತು?"

ತನ್ನ ಕುರಿ ಬಗ್ಗಿ ಆದ್ರ ದಿನಗಟ್ಟಲೆ ಮಾತಾಡೋನಿಗೆ ಹೂವಿನ ಮಾತು ಬರಲಿಲ್ಲ. ಆಕಿ ಸೆರಗಿನ ತುದಿ ಹಿಡಕೊಂಡು ಸಣ್ಣಗ ನಿರಿಗಿ ಮಾಡಿದ. ಮ್ಯಾಲೊಂದು ಎಸಳು ಹೆಡಿ ಹಂಗ ಬಗ್ಗಿಸಿದ, ಕೆಳಗೊಂದು ನಾಲಿಗಿ ಹಂಗ ಇಳಿಬಿಟ್ಟ.

"ಬಣ್ಣ ಇದಲ್ಲ, ಬದನಿ ಹೂವಿಂದು. ಆಕಾರ ಹಿಂಗ," ಅಂದು ಆಕಿ ಕೈಯಾಗ ಕೊಟ್ಟ.

ಆಕಿ ಆ ನಿರಿಗಿ ಬಿಡಲಿಲ್ಲ. ಸಂಜೀತನಕ ಒಂದ ಕೈಲೆ ಮನಿಗೆಲಸ ಮಾಡಿದ್ಲು.